ಯುದ್ಧಕಾಲದ ಲಾಡ್ಜ್: ದಾನದ ಬಾಗಿಲು ಯಾರಿಗೆ ತೆರೆಯಿತು

ಮುಂಬಯಿಯ ಫೋರ್ಟ್ ಪ್ರದೇಶದ ಡಿ. ಸುಖಡ್‌ವಾಲಾ ಮಾರ್ಗದಲ್ಲಿ ಫ್ರೀಮೇಸನ್ನರೆಂಬ ಸೋದರ ಸಂಘದವರು ಸಭೆ ಸೇರುವ ಫ್ರೀಮೇಸನ್ಸ್ ಹಾಲ್ ಎಂಬ ಹಳೆಯ ಕಟ್ಟಡವೊಂದಿದೆ. ಚರ್ಚ್‌ಗೇಟಿನಿಂದಲೋ ಸಿಎಸ್‌ಎಂಟಿಯಿಂದಲೋ ಕಚೇರಿಗೆ ನಡೆದುಹೋಗುವ ನಮ್ಮ ಕನ್ನಡಿಗರಲ್ಲಿ ಎಷ್ಟೋ ಮಂದಿ ಅದರ ಮುಂದೆಯೇ ಹಾದುಹೋಗುತ್ತಾರೆ. ಒಳಗೆ ನಡೆಯುವುದೇನು ಎಂದು ವಿಚಾರಿಸಿದರೆ ಸಾಮಾನ್ಯವಾಗಿ ಸಿಗುವ ಉತ್ತರಗಳು ಎರಡು: ಅದು ಗುಟ್ಟಿನ ಸಂಘ ಎಂಬುದು ಒಂದು, ಉಳ್ಳವರು ದಾನಧರ್ಮಕ್ಕಾಗಿ ಕಟ್ಟಿಕೊಂಡ ಸಂಘ ಎಂಬುದು ಇನ್ನೊಂದು. ಗುಟ್ಟಿನ ವಿಚಾರವಾಗಿ ಬೇಕಾದಷ್ಟು ಬರೆದಾಗಿದೆ. ದಾನದ ಮಾತನ್ನು ಮಾತ್ರ ಎಲ್ಲರೂ ಪರೀಕ್ಷಿಸದೆ ಒಪ್ಪಿಕೊಂಡುಬಿಡುತ್ತಾರೆ. ತೀರಿಕೊಂಡ ಸದಸ್ಯನ ಪತ್ನಿಗೆ ಕೊಟ್ಟ ಮಾಸಾಶನವೂ, ಪರಿಚಯವೇ ಇಲ್ಲದ ಗಾಯಾಳು ಸೈನಿಕನ ಚಿಕಿತ್ಸೆಗೆ ಕೊಟ್ಟ ಹಣವೂ, ಲಾಡ್ಜ್ ಎಂದು ಕರೆಯುವ ಇವರ ಸ್ಥಳೀಯ ಘಟಕದ ಇತಿಹಾಸದಲ್ಲಿ ದಾನ ಎಂಬ ಒಂದೇ ತಲೆಬರಹದ ಕೆಳಗೆ ಬಂದು ಕೂರುತ್ತವೆ. ಇವೆರಡನ್ನು ಬಿಡಿಸಿ ನೋಡಿದಾಗಲೇ ಸಂಸ್ಥೆಯ ಸ್ವಭಾವ ತಿಳಿಯುವುದು. ಹಾಗೆ ಬಿಡಿಸಿ ನೋಡುವುದಕ್ಕೆ ಎರಡು ಮಹಾಯುದ್ಧಗಳ ಕಾಲದಷ್ಟು ಅನುಕೂಲವಾದ ಕಾಲ ಇನ್ನೊಂದಿಲ್ಲ.

ಮೊದಲು ಸಂಸ್ಥೆಯ ರಚನೆಯನ್ನು ತಿಳಿದುಕೊಳ್ಳಬೇಕು. ಯುರೋಪಿನ ಕಲ್ಲುಕುಟಿಗರ ಸಂಘಗಳ ಆಚಾರ, ಉಪಕರಣ ಮತ್ತು ಪರಿಭಾಷೆಯನ್ನು ಸಂಕೇತಗಳಾಗಿ ಬಳಸಿಕೊಂಡು ಬೆಳೆದ ಸೋದರ ಸಂಘವೇ ಫ್ರೀಮೇಸನ್ರಿ. ಲಂಡನ್ನಿನ ನಾಲ್ಕು ಲಾಡ್ಜ್‌ಗಳು 1717ರ ಜೂನ್ 24ರಂದು ಸೇರಿ ಗ್ರ್ಯಾಂಡ್ ಲಾಡ್ಜ್ ಎಂಬ ಒಂದು ಮೇಲಿನ ಆಡಳಿತ ಸಂಸ್ಥೆಯನ್ನು ಸ್ಥಾಪಿಸಿದವೆಂಬುದು ಅದರ ಸಾಂಪ್ರದಾಯಿಕ ಆರಂಭ. 1723ರಲ್ಲಿ ನಿಯಮಾವಳಿ ಅಚ್ಚಾಯಿತು, 1725ರಲ್ಲಿ ಐರ್ಲೆಂಡಿಗೂ 1736ರಲ್ಲಿ ಸ್ಕಾಟ್ಲೆಂಡಿಗೂ ಪ್ರತ್ಯೇಕ ಗ್ರ್ಯಾಂಡ್ ಲಾಡ್ಜ್‌ಗಳು ಬಂದವು. ಇವುಗಳಲ್ಲಿ ಯಾವುದಾದರೂ ಒಂದರಿಂದ ಸನದು (ಅಧಿಕಾರಪತ್ರ) ಮತ್ತು ಕ್ರಮಸಂಖ್ಯೆ ಪಡೆದ ಸ್ಥಳೀಯ ಘಟಕವೇ ಲಾಡ್ಜ್. ಅದಕ್ಕೆ ವರ್ಷಕ್ಕೊಮ್ಮೆ ಆಯ್ಕೆಯಾಗುವ ಮಾಸ್ಟರ್, ಕಾರ್ಯದರ್ಶಿ, ಖಜಾಂಚಿ, ಜೊತೆಗೆ ಕಷ್ಟದಲ್ಲಿರುವ ಸದಸ್ಯರನ್ನು ವಿಚಾರಿಸಿಕೊಳ್ಳುವ ಆಲ್ಮೊನರ್ ಎಂಬ ಪದಾಧಿಕಾರಿ ಇರುತ್ತಾರೆ. ದೇವರಲ್ಲಿ ನಂಬಿಕೆ ಇರಲೇಬೇಕು, ಆದರೆ ಯಾವ ದೇವರೆಂದು ಕೇಳುವಂತಿಲ್ಲ. ಸಭೆಯಲ್ಲಿ ಮತಧರ್ಮ ಮತ್ತು ರಾಜಕೀಯದ ಚರ್ಚೆ ನಿಷಿದ್ಧ. ಭಾರತದ ಲಾಡ್ಜ್‌ಗಳಲ್ಲಿ ಬೈಬಲ್ಲಿನ ಜೊತೆಗೆ ಭಗವದ್ಗೀತೆ, ಕುರಾನ್, ಅವೆಸ್ತಾಗಳನ್ನೂ ಪೀಠದ ಮೇಲೆ ಇಡುವ ಪದ್ಧತಿ ಬಂದದ್ದು ಈ ನಿಯಮದಿಂದಲೇ.

ಇನ್ನು ಹಣದ ವಿಚಾರ. ದೀಕ್ಷೆಗೆ ಬರುವವನು ಮೈಮೇಲೆ ನಾಣ್ಯವನ್ನಾಗಲಿ ಲೋಹದ ವಸ್ತುವನ್ನಾಗಲಿ ಇಟ್ಟುಕೊಳ್ಳದೆ ಒಳಗೆ ಬರುತ್ತಾನೆ. ಆಮೇಲೆ ಅವನ ಮುಂದೆ ದಾನದ ತಟ್ಟೆಯನ್ನು ಹಿಡಿದು ಏನಾದರೂ ಕೊಡು ಎನ್ನುತ್ತಾರೆ. ಕೊಡಲು ಏನೂ ಇಲ್ಲದವನ ಸಂಕಟವನ್ನು ಆ ಕ್ಷಣದಲ್ಲಿ ಅವನು ಸ್ವತಃ ಅನುಭವಿಸಲಿ ಎಂಬುದು ಇದರ ಉದ್ದೇಶ. ಈ ಪಾಠದ ಹಿಂದೆ ನಿಂತಿರುವುದು ವಂತಿಗೆ, ಸಭೆಯ ಕೊನೆಯಲ್ಲಿ ಸುತ್ತುವ ದಾನದ ಚೀಲ ಮತ್ತು ವಿಶೇಷ ಚಂದಾಗಳಿಂದ ತುಂಬುವ ನಿಧಿ. ಆ ನಿಧಿಯ ಮೊದಲ ಹಕ್ಕುದಾರರು ಲಾಡ್ಜಿನವರೇ: ವ್ಯಾಪಾರದಲ್ಲಿ ಸೋತ ಸದಸ್ಯ, ತೀರಿಕೊಂಡವನ ಹೆಂಡತಿ, ಅವನ ಮಕ್ಕಳ ಶಾಲೆಯ ಶುಲ್ಕ. ಇಂಗ್ಲೆಂಡಿನಲ್ಲಿ ಮೇಸನ್ನರ, ಎಂದರೆ ಲಾಡ್ಜಿನ ಸದಸ್ಯರ, ಹೆಣ್ಣುಮಕ್ಕಳಿಗಾಗಿ 1788ರಲ್ಲಿ, ಗಂಡುಮಕ್ಕಳಿಗಾಗಿ 1798ರಲ್ಲಿ ಸಂಸ್ಥೆಗಳು ಆರಂಭವಾದದ್ದು ಈ ಹಾದಿಯಲ್ಲಿಯೇ.

ಮುಂಬಯಿ ಕನ್ನಡಿಗರಿಗೆ ಇದು ಅಪರಿಚಿತವಾದ ವ್ಯವಸ್ಥೆಯೇನಲ್ಲ. 1902ರ ಮೊಗವೀರ ವ್ಯವಸ್ಥಾಪಕ ಮಂಡಳಿಯಾಗಲಿ 1927ರ ಬಂಟರ ಸಂಘವಾಗಲಿ ಹುಟ್ಟಿದ್ದು ಕರಾವಳಿಯಿಂದ ಹೊಟ್ಟೆಪಾಡಿಗೆ ಬಂದ ತಮ್ಮವರ ಕೈಹಿಡಿಯುವುದಕ್ಕಾಗಿ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮೇಲೆ ಬಂದದ್ದು ಇಂಥ ಸಂಘಗಳ ಬೆಂಬಲದಿಂದ. ತಮ್ಮವರಿಗೆ ಮೊದಲು ಎಂಬುದರಲ್ಲಿ ತಪ್ಪೇನೂ ಇಲ್ಲ. ಸರ್ಕಾರದ ಪಿಂಚಣಿಯಾಗಲಿ ವಿಮೆಯಾಗಲಿ ಕೈಗೆ ಸಿಗದಿದ್ದ ಕಾಲದಲ್ಲಿ ಪರಊರಿನ ಒಂಟಿ ಮನುಷ್ಯನಿಗೆ ಅದೇ ಆಸರೆಯಾಗಿತ್ತು. ಆದರೆ ಲಾಡ್ಜ್ ತನ್ನನ್ನು ಜಾತಿಯ ಅಥವಾ ಊರಿನ ಸಂಘ ಎಂದು ಹೇಳಿಕೊಳ್ಳುವುದಿಲ್ಲ. ತನ್ನದು ಮನುಕುಲದ ಸೋದರತ್ವ ಎನ್ನುತ್ತದೆ. ಅಷ್ಟು ದೊಡ್ಡ ಮಾತಾಡಿದ ಸಂಸ್ಥೆಯ ಲೆಕ್ಕವನ್ನು ಅಷ್ಟೇ ದೊಡ್ಡ ಅಳತೆಯಿಂದ ನೋಡುವುದು ನ್ಯಾಯ ಎಂದು ನಾನು ನಂಬಿದ್ದೇನೆ.

ಲಾಡ್ಜ್‌ಗಳು ಭಾರತಕ್ಕೆ ಬಂದದ್ದು ವ್ಯಾಪಾರಿಗಳ ಮತ್ತು ಸೈನಿಕರ ಜೊತೆಯಲ್ಲಿ. ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜ್ 1732ರಲ್ಲಿ ಸೈನ್ಯದ ಪಡೆಯೊಂದಕ್ಕೆ ಸನದು ಕೊಟ್ಟು, ಪಡೆ ಎಲ್ಲಿಗೆ ಹೋದರೂ ಲಾಡ್ಜನ್ನೂ ಜೊತೆಗೆ ಒಯ್ಯುವ ಪದ್ಧತಿಗೆ ದಾರಿ ಮಾಡಿಕೊಟ್ಟಿತು. ಕಲ್ಕತ್ತೆಯಲ್ಲಿ 1730ರ ಸುಮಾರಿಗೆ, ಮುಂಬಯಿಯಲ್ಲಿ 1758ರಲ್ಲಿ ಮೊದಲ ಲಾಡ್ಜ್‌ಗಳು ಹುಟ್ಟಿದವು. ದಂಡಿನ ಊರಾದ ಪುಣೆಯಲ್ಲಿ 1833ರಲ್ಲಿ ಓರಿಯನ್ ಇನ್ ದಿ ವೆಸ್ಟ್ ಎಂಬ ಲಾಡ್ಜ್ ಆರಂಭವಾಯಿತು. ಹೀಗೆ ಯುದ್ಧಕ್ಕೂ ಲಾಡ್ಜಿಗೂ ನಂಟು ಆರಂಭದಿಂದಲೂ ಇದೆ. ಸದಸ್ಯರ ಪಟ್ಟಿಯಲ್ಲಿ ಅಧಿಕಾರಿಗಳ ಹೆಸರು ಬಂದು ಹೋಗುವುದು, ವರ್ಗಾವಣೆಯಾದಾಗ ಹಾಜರಾತಿ ಕುಸಿಯುವುದು, ದೂರದ ರಣರಂಗದಿಂದ ಸಾವಿನ ಸುದ್ದಿ ಬಂದಾಗ ಮನೆಯವರಿಗೆ ಹಣ ಮಂಜೂರಾಗುವುದು, ಇವೆಲ್ಲ ದಂಡುಪ್ರದೇಶದ ಲಾಡ್ಜಿನ ಸಾಮಾನ್ಯ ವ್ಯವಹಾರಗಳಾಗಿದ್ದವು.

ಇಲ್ಲಿ ಸೋದರತ್ವದ ಮಾತಿಗೆ ಎದುರಾದ ಮೊದಲ ಪರೀಕ್ಷೆಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಮುಂಬಯಿಯ ಪಾರ್ಸಿ ಗೃಹಸ್ಥ ಮಾಣೆಕ್‌ಜಿ ಕರ್ಸೆಟ್‌ಜಿ ಅವರಿಗೆ ತಮ್ಮದೇ ಊರಿನ ಯುರೋಪಿಯನ್ನರ ಲಾಡ್ಜಿನಲ್ಲಿ ಪ್ರವೇಶ ಸಿಗಲಿಲ್ಲ. ಅವರು ಪ್ಯಾರಿಸ್ಸಿಗೆ ಹೋಗಿ ಅಲ್ಲಿ ದೀಕ್ಷೆ ಪಡೆದರು. ಸ್ಕಾಟ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಪರವಾಗಿ ಪಶ್ಚಿಮ ಭಾರತದ ಅಧ್ಯಕ್ಷರಾಗಿದ್ದ ವೈದ್ಯ ಜೇಮ್ಸ್ ಬರ್ನ್ಸ್ 1843ರಲ್ಲಿ ಭಾರತೀಯರಿಗಾಗಿಯೇ ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಎಂಬ ಲಾಡ್ಜನ್ನು ಸ್ಥಾಪಿಸಿದರು. ಮುಂದೆ ಇದೇ ಮಾಣೆಕ್‌ಜಿ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ 1863ರಲ್ಲಿ ಅಲೆಕ್ಸಾಂಡ್ರಾ ಶಾಲೆಯನ್ನು ಆರಂಭಿಸಿದರು. ಹಿಂದೂಗಳ ದಾರಿ ಇನ್ನೂ ಕಠಿಣವಾಗಿತ್ತು. ಬಹುದೇವತೆಗಳನ್ನು ಪೂಜಿಸುವವರು ಮತ್ತು ಜಾತಿಯನ್ನು ಪಾಲಿಸುವವರು ಸೋದರತ್ವದ ಪ್ರತಿಜ್ಞೆಗೆ ಅರ್ಹರಲ್ಲ ಎಂಬ ವಾದ ಬಹಳ ಕಾಲ ನಡೆಯಿತು. ಕಲ್ಕತ್ತೆಯ ಪ್ರಸನ್ನಕುಮಾರ ದತ್ತರು 1863ರಲ್ಲಿ ಅರ್ಜಿ ಹಾಕಿ 1872ರಲ್ಲಿ ಒಳಗೆ ಬಂದರು. ಯುದ್ಧ ಬರುವ ಹೊತ್ತಿಗೆ ಮುಂಬಯಿಯ ಲಾಡ್ಜ್‌ಗಳಲ್ಲಿ ಪಾರ್ಸಿ, ಮುಸ್ಲಿಂ, ಹಿಂದೂ, ಯುರೋಪಿಯನ್ ಸದಸ್ಯರು ಇದ್ದರು ಎಂಬುದರ ಹಿಂದೆ ಈ ಹೋರಾಟವಿದೆ.

1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಮುಂಬಯಿಯೇ ಭಾರತೀಯ ಸೇನೆಯ ಮುಖ್ಯ ಹೆಬ್ಬಾಗಿಲಾಯಿತು. ಭಾರತದಿಂದ ಸುಮಾರು 13 ಲಕ್ಷ ಮಂದಿ ಸೇವೆಗೆ ಹೋದರು, ಸುಮಾರು 74,000 ಮಂದಿ ಹಿಂತಿರುಗಲಿಲ್ಲ. ಫ್ರಾನ್ಸಿಗೂ ಮೆಸೊಪೊಟೇಮಿಯಕ್ಕೂ ಪಡೆಗಳನ್ನು ಒಯ್ದ ಹಡಗುಗಳು ಗಾಯಾಳುಗಳನ್ನು ಹೊತ್ತು ಇದೇ ಬಂದರಿಗೆ ಮರಳಿದವು. ಕಾಲಾಘೋಡಾದ ಬಳಿ ವಸ್ತುಸಂಗ್ರಹಾಲಯಕ್ಕೆಂದು ಕಟ್ಟಿದ್ದ ಭವ್ಯ ಕಟ್ಟಡವು ಸೈನಿಕ ಆಸ್ಪತ್ರೆಯಾಗಿ ಬಳಕೆಯಾಗಿ, ವಸ್ತುಸಂಗ್ರಹಾಲಯವಾಗಿ ತೆರೆದದ್ದು 1922ರಲ್ಲಿ. ಇಂಥ ನಗರದಲ್ಲಿ ಯಾವ ಸಂಘಸಂಸ್ಥೆಯೂ ಯುದ್ಧದಿಂದ ದೂರ ಉಳಿಯಲು ಸಾಧ್ಯವಿರಲಿಲ್ಲ. ಪರಿಹಾರ ನಿಧಿಗಳಿಗೆ ಬಂದ ಚಂದಾ ಪಟ್ಟಿಗಳನ್ನು ಪತ್ರಿಕೆಗಳು ಹೆಸರು ಮತ್ತು ಮೊತ್ತದ ಸಹಿತ ಅಚ್ಚುಹಾಕುತ್ತಿದ್ದವು. ಕೊಡದವರ ಹೆಸರೂ ಅದರಿಂದಲೇ ಊರಿಗೆ ತಿಳಿಯುತ್ತಿತ್ತು.

ಈ ಕಾಲದ ಲೆಕ್ಕವನ್ನು ಓದುವಾಗ ಒಂದು ಎಚ್ಚರ ಬೇಕು. ಯುದ್ಧಕ್ಕೆ ಕೊಟ್ಟದ್ದು ಎಂದು ಹೇಳುವ ಹಣದಲ್ಲಿ ಮೂರು ಬೇರೆ ಬೇರೆ ವಸ್ತುಗಳು ಬೆರೆತಿರುತ್ತವೆ. ಯುದ್ಧ ಸಾಲಪತ್ರಗಳಲ್ಲಿ ತೊಡಗಿಸಿದ ಹಣ ದಾನವಲ್ಲ, ಅದು ಬಡ್ಡಿ ಬರುವ ಹೂಡಿಕೆ. 1917ರ ಭಾರತೀಯ ಯುದ್ಧ ಸಾಲಕ್ಕೆ ಸಂಸ್ಥೆಗಳು ದುಡ್ಡು ಹಾಕಿದ್ದರಲ್ಲಿ ನಿಷ್ಠೆಯ ಪ್ರದರ್ಶನವಿತ್ತು, ಆದರೆ ಅಸಲು ಅವರದಾಗಿಯೇ ಉಳಿಯಿತು. ಸೈನಿಕರಿಗೆ ಸಿಗರೇಟು, ಉಣ್ಣೆಯ ಬಟ್ಟೆ, ಪತ್ರಿಕೆ ಕಳುಹಿಸಿದ್ದು ಎರಡನೆಯದು. ಅದು ದಾನವೇ ಆದರೂ ಯುದ್ಧ ನಡೆಸುವುದಕ್ಕೆ ಕೊಟ್ಟ ನೆರವು. ಗಾಯಾಳುವಿನ ಚಿಕಿತ್ಸೆ, ಅನಾಥ ಮಗುವಿನ ಓದು, ಅಂಗವಿಕಲನಾಗಿ ಬಂದವನ ಬದುಕು ಮೂರನೆಯದು. ಇವುಗಳನ್ನು ಒಟ್ಟುಗೂಡಿಸಿ ಒಂದು ದೊಡ್ಡ ಮೊತ್ತವನ್ನು ಹೇಳಿದರೆ ಓದುಗನಿಗೆ ಏನೂ ತಿಳಿದಂತಾಗುವುದಿಲ್ಲ. ಲಾಡ್ಜಿನ ಇತಿಹಾಸ ಬರೆಯುವವರು ನಡಾವಳಿ ಪುಸ್ತಕದಲ್ಲಿ ಮಂಜೂರಾದದ್ದನ್ನು ನೋಡಿ ಅಲ್ಲಿಗೇ ನಿಲ್ಲಬಾರದು. ಖಜಾಂಚಿಯ ಲೆಕ್ಕದಲ್ಲಿ ಅದು ನಿಜವಾಗಿ ಪಾವತಿಯಾಯಿತೇ, ಯಾರ ಕೈಗೆ ಹೋಯಿತು ಎಂಬುದನ್ನೂ ಹುಡುಕಬೇಕು.

ಸೋದರತ್ವಕ್ಕೆ ಎದುರಾದ ಎರಡನೆಯ ಪರೀಕ್ಷೆ ನಡೆದದ್ದು ಲಂಡನ್ನಿನಲ್ಲಿ. 1915ರ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ ಒಂದು ನಿರ್ಣಯ ಮಾಡಿತು: ಜರ್ಮನಿ, ಆಸ್ಟ್ರಿಯ, ಹಂಗೇರಿ ಅಥವಾ ಟರ್ಕಿಯಲ್ಲಿ ಹುಟ್ಟಿದ ಸದಸ್ಯರು ಯುದ್ಧ ಮುಗಿದು ಶಾಂತಿ ಒಪ್ಪಂದವಾಗುವವರೆಗೆ ಯಾವ ಮೇಸನಿಕ್ ಸಭೆಗೂ ಬರಕೂಡದು. ಬ್ರಿಟಿಷ್ ಪ್ರಜೆಗಳಾಗಿ, ದಶಕಗಳ ಕಾಲ ಅದೇ ಲಾಡ್ಜಿನಲ್ಲಿ ಕೂತವರಿಗೂ ಹುಟ್ಟಿದ ನೆಲದ ಕಾರಣದಿಂದಲೇ ಬಾಗಿಲು ಮುಚ್ಚಿತು. ಆ ವರ್ಷದ ಮೇ ತಿಂಗಳಲ್ಲಿ ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಲುಸಿಟೇನಿಯ ಎಂಬ ಪ್ರಯಾಣಿಕರ ಹಡಗು ಮುಳುಗಿದ ಮೇಲೆ ಜರ್ಮನ್ ಹೆಸರಿನ ಅಂಗಡಿಗಳ ಮೇಲೆ ಲಂಡನ್ನಿನಲ್ಲಿ ಕಲ್ಲು ಬೀಳುತ್ತಿದ್ದವು. ಸಭೆಯೊಳಗೆ ಜಗಳವಾಗದಿರಲಿ ಎಂಬ ಕಾರಣವನ್ನು ಕೊಡಬಹುದು. ನನ್ನ ಮಟ್ಟಿಗೆ ಆ ಕಾರಣ ಸಾಲದು. ರಾಜಕೀಯವನ್ನು ಹೊಸ್ತಿಲಾಚೆ ಇಡಬೇಕೆಂಬ ನಿಯಮ ಹುಟ್ಟಿದ್ದೇ ಇಂಥ ಹೊತ್ತಿಗಾಗಿ. ಅದು ಅತ್ಯಂತ ಅಗತ್ಯವಾಗಿದ್ದಾಗಲೇ ಅದನ್ನು ಬದಿಗಿಟ್ಟರು. ಸಂಸ್ಥೆಯ ದಾನವನ್ನು ಮೆಚ್ಚುವವರು ಈ ನಿರ್ಣಯವನ್ನೂ ಅದರ ಪಕ್ಕದಲ್ಲಿಯೇ ಬರೆದಿಡಬೇಕು.

ಅದೇ ಸಂಸ್ಥೆಯ ಉದಾರತೆಗೆ ಸಾಕ್ಷಿಯಾದದ್ದು ಮರುವರ್ಷವೇ ಬಂತು, ಮತ್ತು ಒಳಗಿನ ದಾನ, ಹೊರಗಿನ ದಾನ ಎಂಬ ಭೇದವನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ನನಗೆ ತಿಳಿದಂತೆ ಬೇರೆ ಇಲ್ಲ. 1916ರಲ್ಲಿ ಲಂಡನ್ನಿನ ಫುಲ್‌ಹ್ಯಾಮ್ ರಸ್ತೆಯಲ್ಲಿ, ಹಿಂದೆ ಮಹಿಳೆಯರ ಆಸ್ಪತ್ರೆಯಾಗಿದ್ದ ಕಟ್ಟಡದಲ್ಲಿ, ಫ್ರೀಮೇಸನ್ಸ್ ವಾರ್ ಹಾಸ್ಪಿಟಲ್ ಆರಂಭವಾಯಿತು. ಲಾಡ್ಜ್‌ಗಳ ಚಂದಾ ಹಣದಿಂದ ನಡೆದ ಈ ಆಸ್ಪತ್ರೆಗೆ ಬಂದ ಸೈನಿಕ ಮೇಸನ್ ಆಗಿರಬೇಕೆಂಬ ಷರತ್ತು ಇರಲಿಲ್ಲ. ಯುದ್ಧ ಮುಗಿಯುವ ವೇಳೆಗೆ 4,000ಕ್ಕೂ ಹೆಚ್ಚು ಮಂದಿ ಅಲ್ಲಿ ಚಿಕಿತ್ಸೆ ಪಡೆದಿದ್ದರು. 1920ರಲ್ಲಿ ಅದೇ ಕಟ್ಟಡ ಮೇಸನ್ನರಿಗೂ ಅವರ ಅವಲಂಬಿತರಿಗೂ ಮೀಸಲಾದ ಆಸ್ಪತ್ರೆಯಾಯಿತು. ಎಲ್ಲರಿಗೂ ತೆರೆದಿದ್ದ ಬಾಗಿಲು ಶಾಂತಿಯ ಕಾಲದಲ್ಲಿ ತಮ್ಮವರಿಗಷ್ಟೇ ಎಂದು ಕಿರಿದಾಯಿತು. 1933ರ ಜುಲೈ ತಿಂಗಳಲ್ಲಿ ರೇವನ್ಸ್‌ಕೋರ್ಟ್ ಪಾರ್ಕಿನಲ್ಲಿ ರಾಜ ಐದನೆಯ ಜಾರ್ಜ್ ಹೊಸ ಕಟ್ಟಡವನ್ನು ಉದ್ಘಾಟಿಸಿದಾಗ ಅದಕ್ಕೆ ರಾಯಲ್ ಮೇಸನಿಕ್ ಹಾಸ್ಪಿಟಲ್ ಎಂಬ ಹೆಸರು ಬಂತು. ಎರಡನೆಯ ಮಹಾಯುದ್ಧದಲ್ಲಿ ಬಾಗಿಲು ಮತ್ತೊಮ್ಮೆ ಅಗಲವಾಗಿ ತೆರೆದು ಸಾವಿರಾರು ಸೈನಿಕರು ಉಚಿತ ಚಿಕಿತ್ಸೆ ಪಡೆದರು, ಯುದ್ಧಾನಂತರ ಮತ್ತೆ ತಮ್ಮವರ ಆಸ್ಪತ್ರೆಯಾಯಿತು, 1996ರಲ್ಲಿ ಮುಚ್ಚಿತು. ಒಂದೇ ಸಂಸ್ಥೆ, ಒಂದೇ ನಿಧಿಯ ಮೂಲ, ಆದರೆ ಫಲಾನುಭವಿಗಳ ವಲಯ ಯುದ್ಧಕ್ಕೆ ಹಿಗ್ಗುತ್ತಿತ್ತು, ಶಾಂತಿಗೆ ಕುಗ್ಗುತ್ತಿತ್ತು. ಸಾಮಾನ್ಯ ದಿನಗಳ ಬಡವನಿಗಿಂತ ಯುದ್ಧದ ಗಾಯಾಳು ದಾನಿಯ ಕಣ್ಣಿಗೆ ಬೇಗ ಬೀಳುತ್ತಾನೆ ಎಂಬುದು ಮೇಸನ್ನರಿಗೆ ಮಾತ್ರ ಸೇರಿದ ದೌರ್ಬಲ್ಯವಲ್ಲ.

ಸತ್ತವರ ನೆನಪಿಗೆ ಮಾಡಿದ ಖರ್ಚು ಇನ್ನೊಂದು ಅಧ್ಯಾಯ. ಯುದ್ಧದಲ್ಲಿ ಮಡಿದ ಮೇಸನ್ನರ ಸ್ಮಾರಕವಾಗಿ ಲಂಡನ್ನಿನಲ್ಲಿ ಹೊಸ ಕೇಂದ್ರ ಭವನ ಕಟ್ಟಲು 1920ರಲ್ಲಿ ಮೇಸನಿಕ್ ಮಿಲಿಯನ್ ಮೆಮೋರಿಯಲ್ ಫಂಡ್ ಆರಂಭವಾಯಿತು. ಹೆಸರೇ ಹೇಳುವಂತೆ ಗುರಿ ಹತ್ತು ಲಕ್ಷ ಪೌಂಡು. ಆಗ ಗ್ರ್ಯಾಂಡ್ ಮಾಸ್ಟರ್, ಎಂದರೆ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ ಮುಖ್ಯಸ್ಥ, ಆಗಿದ್ದವರು ಡ್ಯೂಕ್ ಆಫ್ ಕನಾಟ್. 1886ರಿಂದ 1890ರವರೆಗೆ ಬಾಂಬೆ ಸೈನ್ಯದ ಮುಖ್ಯ ದಂಡನಾಯಕರಾಗಿದ್ದ ಇವರಿಗೆ ಮುಂಬಯಿ ಮತ್ತು ಪುಣೆ ಚಿರಪರಿಚಿತ ಊರುಗಳು. ಸದಸ್ಯರ ತಲೆಗೆ ಸರಾಸರಿ 10 ಗಿನಿ ಕೊಟ್ಟ ಲಾಡ್ಜಿಗೆ ಹಾಲ್ ಸ್ಟೋನ್ ಲಾಡ್ಜ್ ಎಂಬ ಗೌರವ, ಅದರ ಮಾಸ್ಟರ್ ಕೊರಳಲ್ಲಿ ಧರಿಸಲು ಒಂದು ಪದಕ. 10 ಗಿನಿ ಎಂದರೆ ಹತ್ತೂವರೆ ಪೌಂಡು. ಪೌಂಡಿಗೆ 15 ರೂಪಾಯಿಯಿದ್ದ ಯುದ್ಧಪೂರ್ವದ ದರದಲ್ಲಿ ಸುಮಾರು 157 ರೂಪಾಯಿ. ಮುಂಬಯಿಯ ಗುಮಾಸ್ತನೊಬ್ಬನಿಗೆ ಅದು ಹಲವು ತಿಂಗಳ ಸಂಬಳ. ಹಾಗಿದ್ದರೂ ಸಮುದ್ರದಾಚೆಯ 53 ಲಾಡ್ಜ್‌ಗಳು ಈ ಗೌರವದ ಪಟ್ಟಿಯಲ್ಲಿ ಸೇರಿವೆ. 1933ರ ಜುಲೈ 19ರಂದು, ಆಸ್ಪತ್ರೆಯ ಉದ್ಘಾಟನೆಯಾದ ಒಂದೇ ವಾರಕ್ಕೆ, ಭವನ ಲೋಕಾರ್ಪಣೆಯಾಯಿತು. ಅದರ ಸ್ಮರಣಪತ್ರದಲ್ಲಿ 3,225 ಹೆಸರುಗಳಿವೆ.

ಇಷ್ಟು ದೊಡ್ಡ ಮೊತ್ತವನ್ನು ಕಟ್ಟಡಕ್ಕೆ ಹಾಕುವ ಬದಲು ಅನಾಥ ಮಕ್ಕಳಿಗೆ ಕೊಡಬಹುದಿತ್ತಲ್ಲವೇ ಎಂಬ ಪ್ರಶ್ನೆ ಓದುಗರಲ್ಲಿ ಏಳುವುದು ಸಹಜ. ನನಗೂ ಆ ಪ್ರಶ್ನೆ ಮುಖ್ಯವೆಂದೇ ತೋರುತ್ತದೆ. ಆದರೆ ಒಬ್ಬ ಮಗನ ದೇಹವೂ ಊರಿಗೆ ಬಾರದೆ ಹೋದ ಕಾಲದಲ್ಲಿ, ಹೆಸರು ಕೆತ್ತಿದ ಒಂದು ಜಾಗ ಬೇಕೆಂಬ ಹಂಬಲವನ್ನು ಬರಿಯ ಆಡಂಬರವೆಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ. ಈ ಹಂಬಲಕ್ಕೆ ರೂಪ ಕೊಟ್ಟ ಇನ್ನೊಂದು ಸಂಸ್ಥೆ, ಮಡಿದ ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳಲು 1917ರಲ್ಲಿ ಸ್ಥಾಪನೆಯಾದ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್. 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿ, 1886ರಲ್ಲಿ ಲಾಹೋರಿನ ಲಾಡ್ಜಿನಲ್ಲಿ ದೀಕ್ಷೆ ಪಡೆದಿದ್ದ ಇಂಗ್ಲಿಷ್ ಲೇಖಕ ರಡ್ಯರ್ಡ್ ಕಿಪ್ಲಿಂಗ್ ಆ ಆಯೋಗದ ಸದಸ್ಯರಾದರು. ಅವರ ಮಗ ಜಾನ್ 1915ರಲ್ಲಿ ಫ್ರಾನ್ಸಿನ ಲೂಸ್ ಕದನದಲ್ಲಿ ಕಾಣೆಯಾಗಿದ್ದ. ಆಯೋಗದ ಸ್ಮಶಾನಗಳ ಸ್ಮರಣಶಿಲೆಯ ಮೇಲಿನ ವಾಕ್ಯವನ್ನು ಬೈಬಲ್ ಪರಂಪರೆಯ ಗ್ರಂಥದಿಂದ ಆರಿಸಿಕೊಟ್ಟವರು ಅವರೇ. ಆಯೋಗದಲ್ಲಿ ಕೆಲಸ ಮಾಡುತ್ತಿದ್ದ ಮೇಸನ್ನರು 1922ರಲ್ಲಿ ಫ್ರಾನ್ಸಿನ ಸೇಂಟ್ ಓಮೆರ್‌ನಲ್ಲಿ ಬಿಲ್ಡರ್ಸ್ ಆಫ್ ದಿ ಸೈಲೆಂಟ್ ಸಿಟೀಸ್ ಎಂಬ ಲಾಡ್ಜ್ ಕಟ್ಟಿದಾಗ ಅದರ ಆರಂಭದ ಸದಸ್ಯರಲ್ಲಿ ಕಿಪ್ಲಿಂಗ್ ಕೂಡ ಒಬ್ಬರು. ಪುಣೆಯವರು ಈ ಆಯೋಗದ ಕೆಲಸವನ್ನು ನೋಡಲು ದೂರ ಹೋಗಬೇಕಾಗಿಲ್ಲ: ಖಡ್ಕಿಯ ಯುದ್ಧ ಸ್ಮಶಾನದಲ್ಲಿ ಎರಡನೆಯ ಮಹಾಯುದ್ಧದ 1,600ಕ್ಕೂ ಹೆಚ್ಚು ಸಮಾಧಿಗಳಿವೆ, ಮೊದಲ ಯುದ್ಧದ ಅವಧಿಯಲ್ಲಿ ಭಾರತದಲ್ಲಿ ತೀರಿಕೊಂಡ 1,800ಕ್ಕೂ ಹೆಚ್ಚು ಮಂದಿಯ ಸ್ಮಾರಕವೂ ಅಲ್ಲಿಯೇ ಇದೆ. ಮುಂಬಯಿಯ ಮಸ್ಜಿದ್ ಬಂದರ್ ಬಳಿಯ ನಾವಿಕರ ವಸತಿಗೃಹದಲ್ಲಿ ಸಮುದ್ರವೇ ಸಮಾಧಿಯಾದ ಭಾರತೀಯ ನಾವಿಕರ ಸ್ಮಾರಕವಿದೆ.

ಎರಡು ಯುದ್ಧಗಳ ನಡುವೆ ಯುರೋಪಿನಲ್ಲಿ ಲಾಡ್ಜ್‌ಗಳ ಮೇಲೆಯೇ ಯುದ್ಧ ಸಾರಲಾಯಿತು. ಇಟಲಿಯಲ್ಲಿ ಮುಸೊಲಿನಿ 1925ರಲ್ಲಿ ಅವುಗಳನ್ನು ಅಡಗಿಸಿದ. ಜರ್ಮನಿಯಲ್ಲಿ 1935ರ ಹೊತ್ತಿಗೆ ಎಲ್ಲವೂ ವಿಸರ್ಜನೆಯಾದವು. 1940ರಲ್ಲಿ ಸ್ಪೇನಿನ ಫ್ರಾಂಕೊ ಮತ್ತು ಜರ್ಮನಿಗೆ ಮಣಿದಿದ್ದ ಫ್ರಾನ್ಸಿನ ವಿಶಿ ಸರ್ಕಾರ ಅವುಗಳ ವಿರುದ್ಧ ಕಾನೂನು ಮಾಡಿದರು. ಗೋವೆಯವರಿಗೆ ಹತ್ತಿರದ್ದು ಪೋರ್ಚುಗಲ್ಲಿನ ಕಥೆ. ಅಲ್ಲಿನ ಸರ್ವಾಧಿಕಾರಿ ಸಲಾಜಾರನ ಆಳ್ವಿಕೆಯಲ್ಲಿ 1935ರ ಮೇ ತಿಂಗಳಲ್ಲಿ ಬಂದ ಕಾನೂನು ರಹಸ್ಯ ಸಂಘಗಳನ್ನು ನಿಷೇಧಿಸಿತು, ಅಂಥ ಸಂಘಕ್ಕೆ ಸೇರಿಲ್ಲವೆಂದು ಸರ್ಕಾರಿ ನೌಕರರು ಬರೆದುಕೊಡಬೇಕಾಯಿತು. ಹೀಗೆ ಪಣಜಿ ಮತ್ತು ಮುಂಬಯಿ ಒಂದೇ ಕರಾವಳಿಯ ಎರಡು ಪಟ್ಟಣಗಳಾಗಿದ್ದರೂ, ಒಂದರಲ್ಲಿ ಗವರ್ನರುಗಳೂ ನ್ಯಾಯಾಧೀಶರೂ ಬಹಿರಂಗವಾಗಿ ಲಾಡ್ಜಿಗೆ ಹೋಗುತ್ತಿದ್ದಾಗ ಇನ್ನೊಂದರಲ್ಲಿ ಅದೇ ಸದಸ್ಯತ್ವ ಉದ್ಯೋಗಕ್ಕೆ ಕುತ್ತು ತರುವ ವಸ್ತುವಾಗಿತ್ತು. ಗುಟ್ಟಿನ ಸಂಘವೆಂಬ ಆರೋಪವನ್ನು ಸರ್ವಾಧಿಕಾರಿಗಳು ಬಳಸಿಕೊಂಡ ರೀತಿಯನ್ನು ನೋಡಿದ ಮೇಲೆ ಆ ಮಾತನ್ನು ಸುಲಭವಾಗಿ ಆಡುವವರು ಸ್ವಲ್ಪ ಯೋಚಿಸುವುದು ಒಳ್ಳೆಯದು.

ನಿಷೇಧದ ನಡುವೆಯೂ ಲಾಡ್ಜ್ ಹುಟ್ಟಿದ ಉದಾಹರಣೆಯಿದೆ. ಜರ್ಮನಿಯ ವಾಯವ್ಯ ಭಾಗದ ಎಸ್ಟರ್‌ವೇಗನ್ ಸೆರೆಶಿಬಿರದ ಆರನೆಯ ಬಿಡಾರದಲ್ಲಿ 1943ರ ನವೆಂಬರಿನಲ್ಲಿ ಬೆಲ್ಜಿಯಂ ಪ್ರತಿರೋಧ ಚಳವಳಿಯ ಏಳು ಮಂದಿ ಕೈದಿಗಳು ಲಿಬರ್ತೆ ಶೆರಿ ಎಂಬ ಲಾಡ್ಜ್ ಆರಂಭಿಸಿದರು. ನ್ಯಾಯಾಧೀಶ ಪೌಲ್ ಹ್ಯಾನ್ಸನ್ ಅದರ ಮಾಸ್ಟರ್. ಅವರು ಸೇರಿದಾಗ ಅದೇ ಬಿಡಾರದ ಕ್ಯಾಥೋಲಿಕ್ ಕೈದಿಗಳು ಕಾವಲು ನಿಲ್ಲುತ್ತಿದ್ದರು, ಕ್ಯಾಥೋಲಿಕರ ಪ್ರಾರ್ಥನೆಯ ಹೊತ್ತಿನಲ್ಲಿ ಇವರು ಕಾವಲು ನಿಲ್ಲುತ್ತಿದ್ದರು. 1738ರಿಂದಲೂ ಪೋಪರ ಆಜ್ಞೆ ಮೇಸನ್ನರನ್ನು ದೂರವಿಟ್ಟಿತ್ತೆಂಬುದನ್ನು ನೆನೆದರೆ ಈ ಪರಸ್ಪರ ಕಾವಲಿನ ಬೆಲೆ ತಿಳಿಯುತ್ತದೆ. ಆ ಏಳು ಮಂದಿಯಲ್ಲಿ ಹೆಚ್ಚಿನವರು ಊರಿಗೆ ಮರಳಲಿಲ್ಲ. ಸಿಂಗಾಪುರ ಜಪಾನೀಯರ ವಶವಾದ ಮೇಲೆ ಚಾಂಗಿಯ ಯುದ್ಧಕೈದಿಗಳ ಶಿಬಿರದಲ್ಲಿಯೂ ಮೇಸನ್ನರು ಸೇರುತ್ತಿದ್ದರು, ಬೇಕಾದ ಉಪಕರಣಗಳನ್ನು ಕೈಗೆ ಸಿಕ್ಕ ಮರದ ಚೂರು, ತಗಡುಗಳಿಂದ ಮಾಡಿಕೊಂಡಿದ್ದರು. ಹಣವೇ ಇಲ್ಲದ ಈ ಲಾಡ್ಜ್‌ಗಳಿಗೆ ದಾನದ ಖಾತೆ ಇರಲಿಲ್ಲ. ದೀಕ್ಷೆಯಲ್ಲಿ ಪಾಠವಾಗಿ ಹೇಳಿಕೊಟ್ಟಿದ್ದ ಬರಿಗೈಯ ಸ್ಥಿತಿ ಅಲ್ಲಿ ಪ್ರತಿದಿನದ ವಾಸ್ತವವಾಗಿತ್ತು.

ಸ್ವತಂತ್ರವಾಗಿದ್ದ ಕಡೆಗಳಲ್ಲಿ ಎರಡನೆಯ ಮಹಾಯುದ್ಧ ಲಾಡ್ಜಿನ ದಿನಚರಿಯನ್ನು ಬದಲಿಸಿತು. 1939ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನಲ್ಲಿ ಎಲ್ಲ ಸಭೆಗಳನ್ನೂ ನಿಲ್ಲಿಸಲಾಯಿತು, ಕೆಲವೇ ವಾರಗಳಲ್ಲಿ ಮತ್ತೆ ಆರಂಭಿಸಲಾಯಿತು. ವಾಯುದಾಳಿಯ ಭಯದಿಂದ ರಾತ್ರಿ ಬೆಳಕು ಹೊರಗೆ ಕಾಣದಂತೆ ಮಾಡಿದ್ದ ಕತ್ತಲೆ ನಿಯಮದಿಂದಾಗಿ ಸಭೆಗಳು ಹಗಲಿಗೆ ಸರಿದವು, ಪಡಿತರದಿಂದಾಗಿ ಔತಣಗಳು ಸರಳವಾದವು. ಮುಂಬಯಿಗೆ ಯುದ್ಧ ನೇರವಾಗಿ ಬಂದದ್ದು 1944ರ ಏಪ್ರಿಲ್ 14ರಂದು. ವಿಕ್ಟೋರಿಯಾ ಡಾಕ್‌ನಲ್ಲಿ ಹತ್ತಿ ಮತ್ತು ಸುಮಾರು 1,400 ಟನ್ ಸ್ಫೋಟಕಗಳನ್ನು ಹೊತ್ತಿದ್ದ ಫೋರ್ಟ್ ಸ್ಟಿಕೀನ್ ಹಡಗು ಸಂಜೆ ನಾಲ್ಕರ ನಂತರ ಎರಡು ಬಾರಿ ಸಿಡಿಯಿತು. ನೂರಾರು ಮಂದಿ ಸತ್ತರು, 66 ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟರು, ಸುಮಾರು 80,000 ಮಂದಿ ಮನೆ ಕಳೆದುಕೊಂಡರು. ಇಂಥ ದುರಂತದಲ್ಲಿ ಸಂಘಸಂಸ್ಥೆಗಳು ಕೊಡುವ ಹಣ ಸಾರ್ವಜನಿಕ ನಿಧಿಯೊಳಗೆ ಬೆರೆತುಹೋಗುತ್ತದೆ. ಯಾವ ರೂಪಾಯಿಯಿಂದ ಯಾವ ಕುಟುಂಬಕ್ಕೆ ಅಕ್ಕಿ ಬಂತು ಎಂದು ಆಮೇಲೆ ಹೇಳಲಾಗುವುದಿಲ್ಲ. ಹೊರಗಿನವರಿಗೆ ಕೊಟ್ಟ ದಾನದ ದಾಖಲೆ, ಒಳಗಿನವರಿಗೆ ಕೊಟ್ಟದ್ದರ ದಾಖಲೆಗಿಂತ ಯಾವಾಗಲೂ ತೆಳುವಾಗಿರುವುದಕ್ಕೆ ಇದೇ ಮುಖ್ಯ ಕಾರಣ. ಮಾಸಾಶನ ಪಡೆದ ವಿಧವೆಯ ಹೆಸರು ವರ್ಷಗಟ್ಟಲೆ ಪುಸ್ತಕದಲ್ಲಿರುತ್ತದೆ, ಪರಿಹಾರ ನಿಧಿಗೆ ಕೊಟ್ಟದ್ದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಆದ್ದರಿಂದ ಪುಟಗಳನ್ನು ಎಣಿಸಿ ಲಾಡ್ಜ್ ತನ್ನವರಿಗಷ್ಟೇ ಕೊಟ್ಟಿತು ಎಂಬ ತೀರ್ಮಾನಕ್ಕೆ ಬರುವುದೂ ಅವಸರವಾದೀತು.

ಸ್ವಾತಂತ್ರ್ಯದ ನಂತರ, 1961ರ ನವೆಂಬರ್ 24ರಂದು, ಇಂಗ್ಲೆಂಡ್, ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಒಪ್ಪಿಗೆಯೊಡನೆ ದೆಹಲಿಯಲ್ಲಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪನೆಯಾಯಿತು. ರಾಮ್‌ಪುರದ ನವಾಬ ಸೈಯದ್ ರಜಾ ಅಲಿ ಖಾನ್ ಮೊದಲ ಗ್ರ್ಯಾಂಡ್ ಮಾಸ್ಟರ್. ಗೋವೆ ವಿಮೋಚನೆಯಾದದ್ದು ಅದೇ ಡಿಸೆಂಬರಿನಲ್ಲಿ. ಕೆಲವು ಲಾಡ್ಜ್‌ಗಳು ಹಳೆಯ ಸನದನ್ನೇ ಉಳಿಸಿಕೊಂಡದ್ದರಿಂದ ಇಂದಿಗೂ ಮುಂಬಯಿಯಲ್ಲಿ ಭಾರತೀಯ ಲಾಡ್ಜ್‌ಗಳ ಜೊತೆಗೆ ಬ್ರಿಟನ್ನಿನ ಗ್ರ್ಯಾಂಡ್ ಲಾಡ್ಜ್‌ಗಳ ಅಧೀನದವೂ ಕೆಲಸ ಮಾಡುತ್ತಿವೆ. ಹಳೆಯ ಲಾಡ್ಜೊಂದರ ಯುದ್ಧಕಾಲದ ಕಡತ ಹುಡುಕುವವರು ಮೊದಲು ಅದು ಯಾವ ಅಧೀನದಲ್ಲಿತ್ತು ಎಂದು ತಿಳಿದುಕೊಳ್ಳಬೇಕು, ಏಕೆಂದರೆ ವಾರ್ಷಿಕ ಸದಸ್ಯ ಪಟ್ಟಿಗಳು ಆಯಾ ಗ್ರ್ಯಾಂಡ್ ಲಾಡ್ಜಿಗೆ ಹೋಗುತ್ತಿದ್ದವು. ನಡಾವಳಿ ಮತ್ತು ಲೆಕ್ಕದ ಪುಸ್ತಕಗಳು ಸಾಮಾನ್ಯವಾಗಿ ಲಾಡ್ಜಿನಲ್ಲಿಯೇ ಉಳಿದವು.

ಇಂದಿನ ದಾನದ ವಿಚಾರದಲ್ಲಿ ಮಾತ್ರ ಓದುಗರು ಲಾಡ್ಜಿನ ಮಾತನ್ನಷ್ಟೇ ನಂಬಿ ಕೂರಬೇಕಾಗಿಲ್ಲ. 1950ರ ಬಾಂಬೆ ಸಾರ್ವಜನಿಕ ನ್ಯಾಸಗಳ (ಟ್ರಸ್ಟ್‌ಗಳ) ಕಾಯಿದೆ, ಈಗಿನ ಹೆಸರಿನಲ್ಲಿ ಮಹಾರಾಷ್ಟ್ರ ಸಾರ್ವಜನಿಕ ನ್ಯಾಸಗಳ ಕಾಯಿದೆ, ಬಡತನ ಅಥವಾ ಸಂಕಟದ ನಿವಾರಣೆ, ಶಿಕ್ಷಣ, ವೈದ್ಯಕೀಯ ನೆರವು ಮುಂತಾದ ಸಾರ್ವಜನಿಕ ಹಿತದ ಕೆಲಸಗಳನ್ನು ದತ್ತಿಯ ಉದ್ದೇಶಗಳೆಂದು ಗುರುತಿಸುತ್ತದೆ. ಯಾವುದೇ ಸಂಘ, ಲಾಡ್ಜಾಗಲಿ ನಮ್ಮ ಕನ್ನಡ ಸಂಘವಾಗಲಿ, ಸಾರ್ವಜನಿಕ ದತ್ತಿ ನ್ಯಾಸವನ್ನು ನಡೆಸುವುದಾದರೆ ಅದನ್ನು ನೋಂದಾಯಿಸಿ, ಲೆಕ್ಕ ಪರಿಶೋಧನೆ ಮಾಡಿಸಿ, ಚಾರಿಟಿ ಕಮಿಷನರ್ ಕಚೇರಿಗೆ ಒಪ್ಪಿಸಬೇಕು. ಮುಂಬಯಿಯಲ್ಲಿ ಆ ಕಚೇರಿ ವರ್ಳಿಯಲ್ಲಿದೆ. ಸದಸ್ಯರ ಪರಸ್ಪರ ನೆರವಿನ ನಿಧಿ ಬೇರೆ, ಸಾರ್ವಜನಿಕರಿಗೆಂದು ಮೀಸಲಾದ ನ್ಯಾಸದ ನಿಧಿ ಬೇರೆ ಎಂದು ಕಾನೂನು ಬಯಸುವುದರಿಂದ, 1916ರಲ್ಲಿ ತೆರೆದು 1920ರಲ್ಲಿ ಕಿರಿದಾದ ಆ ಆಸ್ಪತ್ರೆಯ ಬಾಗಿಲಿನಂತೆ ಫಲಾನುಭವಿಗಳ ವಲಯವನ್ನು ಇಷ್ಟಬಂದಂತೆ ಹಿಗ್ಗಿಸಿ ಕುಗ್ಗಿಸುವುದು ನೋಂದಾಯಿತ ನ್ಯಾಸಕ್ಕೆ ಸುಲಭವಲ್ಲ. ಉದ್ದೇಶವನ್ನು ಬದಲಿಸಬೇಕಾದರೆ ಅದಕ್ಕೆ ವಿಧಿಬದ್ಧವಾದ ಅನುಮತಿ ಬೇಕಾಗುತ್ತದೆ.